ನೋಡುಗರನ್ನು ಓದುಗರನ್ನಾಗಿಸುವ ಚಿತ್ರಗಳು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಕ್ಯಾಮೆರಾಕ್ಕೆ ವಸ್ತುವಿನ ಕೊರತೆಯಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಶಿರಾದಲ್ಲಿ 1651ರಲ್ಲಿ ನಿರ್ಮಾಣವಾದ ಮಲಿಕ್ ರಿಹಾನ್ ಗೋರಿ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಸೌರ ಉದ್ಯಾನ ಇವೆಲ್ಲವೂ ಅಂತರ್ಜಾಲದ ಚಿತ್ರತಾಣಗಳಲ್ಲಿ ಕಾಣಸಿಗುತ್ತವೆ. ಆದರೆ ಚಿತ್ರವನ್ನು ಮೆಚ್ಚಿದವರೆಲ್ಲರೂ ಆ ಸ್ಥಳದ ಕುರಿತ ಬರಹವನ್ನು ಓದುವುದಿಲ್ಲ. ಸ್ಥಳೀಯ ಇತಿಹಾಸ ಬರೆಯುವವರ ಮುಂದಿರುವ ಸವಾಲು ಇದೇ.

ತಾಣಕ್ಕೊಂದು ಸ್ವಭಾವ

ಫ್ಲಿಕರ್ 2004ರಲ್ಲಿ, ಪಿಂಟರೆಸ್ಟ್ ಮತ್ತು ಇನ್‌ಸ್ಟಾಗ್ರಾಂ 2010ರಲ್ಲಿ ಆರಂಭವಾದವು. ಓದುಗರನ್ನು ಕರೆತರುವ ರೀತಿ ಇವುಗಳಲ್ಲಿ ಒಂದೇ ಅಲ್ಲ. ಪಿಂಟರೆಸ್ಟ್‌ನಲ್ಲಿ ಪ್ರತಿ ಚಿತ್ರಕ್ಕೂ ಮೂಲ ಬರಹದ ಕೊಂಡಿಯನ್ನು ಜೋಡಿಸಬಹುದು. ಅಲ್ಲಿ 2:3 ಪ್ರಮಾಣದ ಉದ್ದನೆಯ ಚಿತ್ರ ಸೂಕ್ತ. ಇನ್‌ಸ್ಟಾಗ್ರಾಂನಲ್ಲಿ ಅಡಿಬರಹದೊಳಗಿನ ಕೊಂಡಿ ಸಾಮಾನ್ಯವಾಗಿ ತೆರೆದುಕೊಳ್ಳುವುದಿಲ್ಲ. 2021ರಿಂದ ಎಲ್ಲರಿಗೂ ದೊರೆತಿರುವ ಸ್ಟೋರಿ ಕೊಂಡಿ ಅಥವಾ ಪರಿಚಯ ಪುಟದ ಕೊಂಡಿಯನ್ನು ಬಳಸಬೇಕಾಗುತ್ತದೆ. ಪರಿಚಯ ಪುಟದಲ್ಲಿ ಐದು ಕೊಂಡಿಗಳನ್ನು ನೀಡುವ ಅವಕಾಶ 2023ರಲ್ಲಿ ಬಂದಿತು.

ಅಡಿಬರಹವೇ ಹೆಬ್ಬಾಗಿಲು

'ಸುಂದರ ತಾಣ' ಎಂದಷ್ಟೇ ಬರೆದರೆ ನೋಡುಗ ಮುಂದಿನ ಚಿತ್ರಕ್ಕೆ ಸರಿಯುತ್ತಾನೆ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಗಿದೆ. ಈ ಒಂದು ಸಂಗತಿಯನ್ನು ಚಿತ್ರದ ಕೆಳಗೆ ಬರೆದರೆ, ಬಾಡಿಗೆ ಎಷ್ಟು, ಭೂಮಿಯಿಲ್ಲದ ಕೂಲಿಕಾರರ ಗತಿಯೇನು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಉತ್ತರ ಬರಹದಲ್ಲಿರಬೇಕು. ಸ್ಥಳದ ಹೆಸರನ್ನು ತಾಲ್ಲೂಕು ಸಹಿತವಾಗಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ನೀಡಿದರೆ ಹುಡುಕುವವರಿಗೆ ಅನುಕೂಲ.

ಹೊಣೆಗಾರಿಕೆ

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಗೂಡಿನ ಬಳಿ ನುಗ್ಗಿ ಅಥವಾ ಜಿಂಕೆಗಳನ್ನು ಬೆನ್ನಟ್ಟಿ ತೆಗೆದ ಚಿತ್ರ ಜನಪ್ರಿಯವಾದರೆ, ನೋಡಿದವರೂ ಅದೇ ದಾರಿ ಹಿಡಿಯುತ್ತಾರೆ. ದೂರದಿಂದ ತೆಗೆದ ಚಿತ್ರದೊಂದಿಗೆ ಆ ಅಂತರದ ಕಾರಣವನ್ನೂ ಬರೆಯುವುದು ಲೇಸು.

ಇತರರ ಚಿತ್ರವನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಛಾಯಾಚಿತ್ರಕ್ಕೆ ಛಾಯಾಗ್ರಾಹಕರ ಜೀವಿತಾವಧಿ ಹಾಗೂ ಅವರ ಮರಣದ ನಂತರ 60 ವರ್ಷಗಳ ರಕ್ಷಣೆಯಿದೆ.

ಚಿತ್ರತಾಣಗಳು ಶಾಶ್ವತವೂ ಅಲ್ಲ. ಒಂದು ಕಾಲಕ್ಕೆ ಮನೆಮಾತಾಗಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಆದ್ದರಿಂದ ಮೂಲ ಚಿತ್ರ ಮತ್ತು ಬರಹಗಳನ್ನು ಸ್ವಂತ ಸಂಗ್ರಹದಲ್ಲಿಯೂ ಉಳಿಸಿಕೊಳ್ಳಬೇಕು. ತಾಣ ಮುಚ್ಚಿದರೂ ಊರಿನ ದಾಖಲೆ ಅಳಿಯಬಾರದು.