ಡೇಟಾಬೇಸೂ ಅದರ ದುಭಾಷಿಯೂ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ಮಗಳು ಪೈಥಾನ್ ಕಲಿಯುತ್ತಿದ್ದಾಳೆ. ಯಾವ ಡೇಟಾಬೇಸ್ ಆರಿಸಿಕೊಳ್ಳಬೇಕು, ಯಾವ ಡ್ರೈವರ್ ಹಾಕಿಕೊಳ್ಳಬೇಕು ಎಂದು ಕೇಳುತ್ತಾಳೆ. ನಿವೃತ್ತರಾದ ಮೇಲೆ ನೀವು ಇದರಲ್ಲೆಲ್ಲ ಕೈಯಾಡಿಸಿದ್ದೀರಲ್ಲ, ಒಂದು ಮಾತು ಹೇಳಿ" ಎಂದ. ಇತಿಹಾಸದ ಮೇಷ್ಟ್ರನ್ನು ಏನು ಕೇಳಿದರೂ ಉತ್ತರ ಹಿಂದಿನ ಕಾಲದಿಂದಲೇ ಆರಂಭವಾಗುವುದೆಂದು ನಿಮಗೆಲ್ಲ ತಿಳಿದೇ ಇದೆ. ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಅದರಿಂದ ನಷ್ಟವಾದದ್ದು ನಿಮ್ಮಲ್ಲಿ ಕೆಲವರ ಮಾತುಗಳೇ.

ಹದಿನೆಂಟನೆಯ ಶತಮಾನದ ಪುದುಚೇರಿಯಲ್ಲಿ ಫ್ರೆಂಚರ ಗವರ್ನರ್ ಡೂಪ್ಲೆಯ ಬಳಿ ಆನಂದರಂಗ ಪಿಳ್ಳೆ ಎಂಬ ದುಭಾಷಿಯಿದ್ದುದನ್ನು ತರಗತಿಯಲ್ಲಿ ಹೇಳಿದ್ದೆ. ಫ್ರೆಂಚರಿಗೆ ಇಲ್ಲಿನ ನುಡಿ ಬಾರದು, ಇಲ್ಲಿನವರಿಗೆ ಫ್ರೆಂಚ್ ಬಾರದು. ವ್ಯವಹಾರವೆಲ್ಲ ದುಭಾಷಿಯ ಮೂಲಕವೇ ನಡೆಯಬೇಕು. ಕಂಪ್ಯೂಟರಿನಲ್ಲಿ ಡ್ರೈವರ್ ಎನ್ನುವುದು ಇಂಥ ದುಭಾಷಿಯೇ. ನಾವು ಪ್ರೋಗ್ರಾಂ ಬರೆಯುವ ಭಾಷೆ ಒಂದು, ಡೇಟಾಬೇಸು ಅರಿಯುವ ನುಡಿ ಇನ್ನೊಂದು. ನಮ್ಮ ಕೋರಿಕೆಯನ್ನು ಅದಕ್ಕೆ ತಿಳಿಯುವಂತೆ ಕಳುಹಿಸಿ, ಅಲ್ಲಿಂದ ಬಂದ ಅಂಕಿ, ದಿನಾಂಕ, ಅಕ್ಷರಗಳನ್ನು ನಮ್ಮ ಭಾಷೆಯ ರೂಪಕ್ಕೆ ತಿರುಗಿಸಿ ಕೊಡುವುದು ಡ್ರೈವರಿನ ಕೆಲಸ.

ಕಥೆ 1970ರಿಂದ ಆರಂಭವಾಗುತ್ತದೆ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು, ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿ ಇರಿಸಬಹುದೆಂದೂ, ಅದು ಯಂತ್ರದೊಳಗೆ ಎಲ್ಲಿದೆಯೆಂಬ ಚಿಂತೆ ಕೇಳುವವನಿಗೆ ಬೇಡವೆಂದೂ ಪ್ರತಿಪಾದಿಸಿದ ಲೇಖನ ಆ ವರ್ಷ ಪ್ರಕಟವಾಯಿತು. ನಮ್ಮ ಹಾಜರಿ ಪುಸ್ತಕವೂ ಅಂಥದೊಂದು ಕೋಷ್ಟಕವೇ ಅಲ್ಲವೇ? 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಇಂಥ ಕೋಷ್ಟಕಗಳನ್ನು ಪ್ರಶ್ನಿಸಲು ಒಂದು ಭಾಷೆಯನ್ನು ರೂಪಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಎನಿಸಿ, 1986ರಲ್ಲಿ ಅಮೆರಿಕದಲ್ಲಿಯೂ 1987ರಲ್ಲಿ ಅಂತರರಾಷ್ಟ್ರೀಯವಾಗಿಯೂ ಪ್ರಮಾಣಭಾಷೆಯಾಯಿತು.

ಪ್ರಶ್ನೆಯ ಭಾಷೆ ಒಂದಾದರೂ ಪ್ರಶ್ನೆಯನ್ನು ತಲುಪಿಸುವ ದಾರಿ ಒಂದಾಗಲಿಲ್ಲ. ಪ್ರತಿ ತಯಾರಕರೂ ತಮ್ಮದೇ ಸಂಪರ್ಕ ವಿಧಾನವನ್ನು ಇಟ್ಟುಕೊಂಡಿದ್ದರು. ಒಂದು ಡೇಟಾಬೇಸಿಗೆಂದು ಬರೆದ ಪ್ರೋಗ್ರಾಮನ್ನು ಇನ್ನೊಂದಕ್ಕೆ ಒಯ್ಯಬೇಕಾದರೆ ಸಂಪರ್ಕದ ಭಾಗವನ್ನೆಲ್ಲ ತಿದ್ದಬೇಕಾಗುತ್ತಿತ್ತು. ಲೆಕ್ಕ ಹಾಕಿ ನೋಡಿ: ಐದು ಪ್ರೋಗ್ರಾಂ ಭಾಷೆಗಳು, ಆರು ಡೇಟಾಬೇಸುಗಳು ಇದ್ದರೆ ಮೂವತ್ತು ದುಭಾಷಿಗಳು ಬೇಕು. ನಡುವೆ ಎಲ್ಲರೂ ಒಪ್ಪಿದ ಒಂದು ಪದ್ಧತಿಯಿದ್ದರೆ ಐದು ಮತ್ತು ಆರು ಕೂಡಿ ಹನ್ನೊಂದು ಸಾಕು. ಈ ಉಳಿತಾಯಕ್ಕಾಗಿಯೇ 1989ರಲ್ಲಿ ಎಸ್‌ಕ್ಯೂಎಲ್ ಆಕ್ಸೆಸ್ ಗ್ರೂಪ್ ಎಂಬ ಕೂಟ ಹುಟ್ಟಿತು. ಅದರ ಕೆಲಸವನ್ನು ಆಧರಿಸಿ ಮೈಕ್ರೋಸಾಫ್ಟ್ 1992ರಲ್ಲಿ ಓಡಿಬಿಸಿ ಎಂಬ ಪದ್ಧತಿಯನ್ನು ಹೊರತಂದಿತು. 1997ರಲ್ಲಿ ಜಾವಾ ಭಾಷೆಯೊಡನೆ ಜೆಡಿಬಿಸಿ ಬಂದಿತು. ಜಾವಾದಿಂದ ಓಡಿಬಿಸಿಗೆ ಹಾಕಿದ್ದ ತಾತ್ಕಾಲಿಕ ಸೇತುವೆಯನ್ನು 2014ರ ಜಾವಾ 8ರಲ್ಲಿ ತೆಗೆದುಹಾಕಿದರು. ಅಷ್ಟರಲ್ಲಿ ನೇರ ಡ್ರೈವರುಗಳೇ ಬೇಕಾದಷ್ಟು ಬಂದಿದ್ದವು.

ಪೈಥಾನಿನವರು ಹಿಡಿದ ಹಾದಿ ಸ್ವಲ್ಪ ಬೇರೆ. ಅವರು ಒಂದು ಡ್ರೈವರನ್ನು ಮಾಡಿ ಕೊಡುವ ಬದಲು, ಡ್ರೈವರ್ ಬರೆಯುವವರೆಲ್ಲ ಪಾಲಿಸಬೇಕಾದ ನಿಯಮಾವಳಿಯನ್ನು ಬರೆದರು. ಅದರ ಎರಡನೆಯ ಆವೃತ್ತಿ 1999ರದು. ಸಂಪರ್ಕ ಪಡೆಯುವುದು, ಪ್ರಶ್ನೆ ಕಳುಹಿಸುವುದು, ಉತ್ತರ ತರಿಸಿಕೊಳ್ಳುವುದು ಎಲ್ಲಕ್ಕೂ ಒಂದೇ ಹೆಸರುಗಳು. ಆದರೂ ಪ್ರಶ್ನೆಯೊಳಗೆ ಬೆಲೆಗಳನ್ನು ತುಂಬುವ ಜಾಗವನ್ನು ಗುರುತಿಸಲು ಐದು ಬಗೆಯ ಚಿಹ್ನೆಗಳಿಗೆ ಅವಕಾಶ ಕೊಟ್ಟರು. ನಮ್ಮಲ್ಲಿ ಪಠ್ಯಪುಸ್ತಕದ ಕನ್ನಡ ಒಂದೇ ಆದರೂ ಮಂಗಳೂರಿನ ಮಾತು, ಧಾರವಾಡದ ಮಾತು ಬೇರೆಯಾಗಿರುವಂತೆ.

ಈಗ ನನ್ನ ತಪ್ಪು. ಕೆಲವು ವರ್ಷಗಳ ಹಿಂದೆ ನನ್ನ ಸೇವಾವಧಿಯ ವಿದ್ಯಾರ್ಥಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸತೊಡಗಿದೆ. ಯಾವ ಡೇಟಾಬೇಸ್ ಒಳ್ಳೆಯದೆಂದು ಹದಿನೈದು ದಿನ ಓದಿ, ಕೇಳಿ, ಆರಿಸಿದೆ. ಡ್ರೈವರನ್ನು ಆರಿಸಲು ಹದಿನೈದು ಸೆಕೆಂಡೂ ಹಿಡಿಯಲಿಲ್ಲ. ಪರದೆಯ ಮೇಲೆ ಎರಡು ಹೆಸರುಗಳಿದ್ದವು. ಒಂದರ ಕೊನೆಯಲ್ಲಿ ಆನ್ಸಿ, ಇನ್ನೊಂದರ ಕೊನೆಯಲ್ಲಿ ಯೂನಿಕೋಡ್. ಮೊದಲನೆಯದನ್ನು ಒತ್ತಿದೆ. ನಾಲ್ಕು ಹೆಸರುಗಳನ್ನು ಇಂಗ್ಲಿಷಿನಲ್ಲಿ ತುಂಬಿ ಪರೀಕ್ಷಿಸಿದೆ, ಎಲ್ಲ ಸರಿಯಾಗಿತ್ತು. ಬಳಿಕ ವಾರಗಟ್ಟಲೆ ಕುಳಿತು ಹೆಸರುಗಳನ್ನೂ, ಫೋನಿನಲ್ಲಿ ನೀವು ಹೇಳಿದ ಶಾಲೆಯ ನೆನಪುಗಳನ್ನೂ ಕನ್ನಡದಲ್ಲಿ ತುಂಬಿದೆ.

ಕೊನೆಗೊಂದು ದಿನ ಪಟ್ಟಿಯನ್ನು ತೆರೆದರೆ ಸಾವಿತ್ರಿ ಎಂಬ ಹೆಸರಿದ್ದ ಜಾಗದಲ್ಲಿ ಎಂಟು ಪ್ರಶ್ನಾರ್ಥಕ ಚಿಹ್ನೆಗಳು! ಸ, ದೀರ್ಘ, ವ, ಗುಡಿಸು, ತ, ವಿರಾಮ, ರ, ಮತ್ತೆ ಗುಡಿಸು ಎಂದು ಯೂನಿಕೋಡಿನಲ್ಲಿ ಆ ಹೆಸರಿಗೆ ಎಂಟು ಸಂಕೇತಗಳು. ಒಂದೊಂದಕ್ಕೂ ಒಂದೊಂದು ಪ್ರಶ್ನೆ. 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ, ವಿಂಡೋಸಿನ ಹಳೆಯ ಆನ್ಸಿ ಅಕ್ಷರಪಟ್ಟಿಗಳಲ್ಲಿ ಕನ್ನಡವೇ ಇಲ್ಲ. ನನ್ನ ದುಭಾಷಿ ಕನ್ನಡವನ್ನು ಕಲಿತೇ ಇರಲಿಲ್ಲ. ತಿಳಿಯದ ಪ್ರತಿ ಅಕ್ಷರವೂ ದಾರಿಯಲ್ಲಿಯೇ '?' ಆಗಿ ಹೋಗಿತ್ತು. ಎಲ್ಲಿಯೂ ಒಂದು ಎಚ್ಚರಿಕೆಯ ಮಾತು ಬರಲಿಲ್ಲ. ಒಳಗೆ ಸೇರಿದ್ದು ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾದ್ದರಿಂದ ಡೇಟಾಬೇಸಿನಿಂದ ಏನನ್ನೂ ಮರಳಿ ಪಡೆಯುವಂತಿರಲಿಲ್ಲ.

ಹೆಸರುಗಳು ಕಾಗದದಲ್ಲಿದ್ದವು, ಮತ್ತೆ ಬರೆದೆ. ನೆನಪುಗಳು ಕಾಗದದಲ್ಲಿರಲಿಲ್ಲ. ಹಲವರಿಗೆ ಪುನಃ ಫೋನು ಮಾಡಿದೆ. ಅಷ್ಟರಲ್ಲಿ ಇಬ್ಬರು ಈ ಲೋಕದಲ್ಲಿರಲಿಲ್ಲ. ಅವರು ಹೇಳಿದ್ದರಲ್ಲಿ ನನ್ನ ನೆನಪಿನಲ್ಲಿ ಉಳಿದಷ್ಟನ್ನೇ ಬರೆದಿಟ್ಟಿದ್ದೇನೆ.

ಈಗ ಆ ಪಟ್ಟಿ ಎಸ್‌ಕ್ಯೂಲೈಟಿನಲ್ಲಿದೆ. 2000ದಲ್ಲಿ ರಿಚರ್ಡ್ ಹಿಪ್ ಎಂಬುವರು ಇದನ್ನು ರಚಿಸಿದರು. ಅಮೆರಿಕದ ನೌಕಾಪಡೆಯ ಹಡಗಿಗಾಗಿ ಪ್ರೋಗ್ರಾಂ ಬರೆಯುತ್ತಿದ್ದಾಗ, ಸರ್ವರ್ ನಿಂತುಹೋದರೆ ಕೆಲಸವೆಲ್ಲ ನಿಲ್ಲುವುದನ್ನು ಕಂಡು, ಸರ್ವರೇ ಬೇಡದ ಡೇಟಾಬೇಸನ್ನು ಅವರು ಯೋಚಿಸಿದರು. ಎಲ್ಲವೂ ಒಂದೇ ಕಡತದಲ್ಲಿರುತ್ತದೆ. 2006ರ ಪೈಥಾನ್ 2.5ರಿಂದ ಅದರ ಡ್ರೈವರು ಪೈಥಾನಿನೊಡನೆಯೇ ಬರುತ್ತದೆ. ನನ್ನಂತೆ ಒಬ್ಬನೇ ಬರೆಯುವವನಿಗೆ ಇದು ಸಾಕು. ಬಹಳ ಜನ ಏಕಕಾಲಕ್ಕೆ ಬರೆಯುವ ಕಡೆ ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಡೇಟಾಬೇಸೇ ಬೇಕು.

ಆದ್ದರಿಂದ ಮಗಳಿಗೆ ಹೇಳಪ್ಪ: ಎಷ್ಟು ಜನ ಬರೆಯುತ್ತಾರೆಂಬುದನ್ನು ನೋಡಿ ಡೇಟಾಬೇಸನ್ನು ಆರಿಸಲಿ. ಡ್ರೈವರನ್ನು ಆರಿಸುವಾಗ ಇನ್ನೂ ಹೆಚ್ಚು ಎಚ್ಚರದಿಂದಿರಲಿ. ಅದನ್ನು ಈಗಲೂ ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಲಿ. ಮೊದಲ ದಿನವೇ ತನ್ನ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆದು ಉಳಿಸಿ, ಪ್ರೋಗ್ರಾಮನ್ನು ಮುಚ್ಚಿ, ಮತ್ತೆ ತೆರೆದು ಓದಲಿ. ಹೆಸರು ಹೆಸರಾಗಿಯೇ ಬಂದರೆ ಮುಂದುವರಿಯಲಿ.

ಮತ್ತು ಆ ಪಟ್ಟಿಗಾಗಿ ನನ್ನೊಡನೆ ಮಾತನಾಡಿ, ಎರಡನೆಯ ಸಲ ನನ್ನ ಫೋನು ಸಿಗದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇನ್ನೊಮ್ಮೆ ಹೇಳಿ. ಈ ಸಲ ಕಾಗದದಲ್ಲಿಯೂ ಬರೆದುಕೊಳ್ಳುತ್ತೇನೆ.