ಏಕಾಂತದ ಮದುವೆಗೆ ಸಾಕ್ಷಿ ಯಾರು?

ಹಿರಿಯರಿಗೆ ಹೇಳದೆ ಮದುವೆಯಾಗಲು ಚೆಂದದ, ಜನರಿಲ್ಲದ ಜಾಗ ಹುಡುಕುವುದು ಹೊಸದೇನಲ್ಲ. ಶಕುಂತಲೆ-ದುಷ್ಯಂತರಿಗೆ ಕಣ್ವಾಶ್ರಮಕ್ಕಿಂತ ಸೊಗಸಾದ ತಾಣ ಬೇಕಿತ್ತೆ? ಮನುಸ್ಮೃತಿ ಎಣಿಸುವ ಎಂಟು ವಿವಾಹಗಳಲ್ಲಿ ಅವರದು ಗಾಂಧರ್ವ. ಇಬ್ಬರ ಒಪ್ಪಿಗೆಯೇ ಸಾಕು. ಆದರೆ ತುಂಬಿದ ಸಭೆಯಲ್ಲಿ ರಾಜ ಆಕೆಯನ್ನು ಅರಿಯೆನೆಂದಾಗ ಮಹಾಭಾರತದಲ್ಲಿ ಅಶರೀರವಾಣಿಯೇ ನುಡಿಯಬೇಕಾಯಿತು. ಕಾಳಿದಾಸನಲ್ಲಿ ಮೀನಿನ ಹೊಟ್ಟೆಯಿಂದ ಉಂಗುರ ಬರಬೇಕಾಯಿತು. ಕಾಡಿನ ಮರಗಳು ಸಾಕ್ಷಿ ಹೇಳವಷ್ಟೆ.

ನಮ್ಮ ಹತ್ತಿರದ್ದೇ ಒಂದು ಮದುವೆಯಿದೆ. ಬೇಲೂರಿನಾಚೆ, ಮೂಡಿಗೆರೆ ಬಳಿಯ ಚಿತ್ರಕೂಟ ತೋಟದಲ್ಲಿ 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ರಾಜೇಶ್ವರಿಯವರನ್ನು ವರಿಸಿದರು, ಕುವೆಂಪು ಅವರ ಮಂತ್ರಮಾಂಗಲ್ಯದಂತೆ. ಪುರೋಹಿತರಿಲ್ಲ, ಆಡಂಬರವಿಲ್ಲ. ಆದರೆ ಅದು ಓಡಿಹೋದವರ ಮದುವೆಯಲ್ಲ. ವರನ ತಂದೆಯದೇ ಪದ್ಧತಿ!

ಮನೆಯವರ ಒಪ್ಪಿಗೆ ಇಲ್ಲದವರಿಗೆ, ಅದರಲ್ಲೂ ಧರ್ಮ ಬೇರೆಯಾದವರಿಗೆ, 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟಿಸು ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಮೂವರು ಸಾಕ್ಷಿಗಳಿದ್ದರೆ, ಹೆಚ್ಚುವರಿ ಶುಲ್ಕ ತೆತ್ತು, ಕಚೇರಿಗೆ ತೀರ ದೂರವಲ್ಲದ ತೋಟದಲ್ಲೋ ಕೆರೆಯಂಚಿನಲ್ಲೋ ಮದುವೆಯಾಗಬಹುದು. ಜಾಗ ಸಿಕ್ಕೀತು. ತೊಡಕಿರುವುದು ನೋಟಿಸಿನಲ್ಲಿ: ಅದನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸುತ್ತಾರೆ. ಕಣಕಟ್ಟೆಯಂಥ ಊರಿನ ಹುಡುಗಿಯ ಹೆಸರನ್ನು ಪರಿಚಯದವರೊಬ್ಬರು ಓದಿದರೆ ಸಾಕು, ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ.