ಮುತ್ತಜ್ಜನ ಟ್ರಂಕಿನಲ್ಲಿ ಸಿಕ್ಕ ಚೀಟಿಗಳು

ನಮ್ಮ ವಂಶವೃಕ್ಷವನ್ನು ಕಂಪ್ಯೂಟರಿಗೆ ಏರಿಸಲು ಹೊರಟಾಗ, ಮುತ್ತಜ್ಜನ ಬಗ್ಗೆ ಉಡುಪಿ ಹತ್ತಿರದ ನಮ್ಮೂರಲ್ಲಿ ಸಿಕ್ಕಿದ್ದು ಒಂದೇ ಮಾತು: "ಬೊಂಬಾಯಿಗೆ ಹೋದವರು ಮನೆ ಮರೆತರು."

ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೂ ಎಷ್ಟೋ ಮೊದಲು ಕರಾವಳಿಯ ಹುಡುಗರು ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ 1902ರಲ್ಲೇ ಹುಟ್ಟಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು ಎಷ್ಟೋ ಮಂದಿ. ಮುತ್ತಜ್ಜನೂ ಅವರಲ್ಲೊಬ್ಬರು.

ಅಂತರ್ಜಾಲದ ದಾಖಲೆಗಳಲ್ಲಿ ಅವರು ಸಿಗಲಿಲ್ಲ. ಸಿಕ್ಕಿದ್ದು ದಾದರಿನ ಚಾಳಿನ ಕೋಣೆ ಖಾಲಿ ಮಾಡುವಾಗ, ತಗಡಿನ ಟ್ರಂಕಿನಲ್ಲಿ. ದಾರ ಕಟ್ಟಿಟ್ಟ ಮನಿಯಾರ್ಡರ್ ಚೀಟಿಗಳು. ಹಣ ಮುಟ್ಟಿದ ಮೇಲೆ ಕಳಿಸಿದವರಿಗೆ ವಾಪಸು ಬರುತ್ತಿದ್ದಂಥವು. ತಿಂಗಳಿಗೆ ಐದು ರೂಪಾಯಿ. ಮಳೆಗಾಲದಲ್ಲಿ ಹಡಗು ನಿಲ್ಲುತ್ತಿತ್ತು, ಹಣ ನಿಂತಿರಲಿಲ್ಲ.

ಅವರು ಊರಿಗೆ ಮರಳಲಿಲ್ಲ, ನಿಜ. ಮರೆತರು ಎಂಬುದು ಸುಳ್ಳು.

ಇನ್ನೊಂದು ವಿಷಯ. ಮೊದಲ ಚೀಟಿಗಳಲ್ಲಿ ಮುತ್ತಜ್ಜಿಯ ಹೆಬ್ಬೆಟ್ಟಿನ ಗುರುತು. ಕೊನೆಯ ಕೆಲವುಗಳಲ್ಲಿ ಕನ್ನಡದ ಸಹಿ, ಅಕ್ಷರಗಳು ಸೊಟ್ಟ. ಅವಳು ಯಾವಾಗ, ಯಾರಿಂದ ಕಲಿತಳೆಂದು ಹೇಳುವವರು ಉಳಿದಿಲ್ಲ. ಜಮೀನಿನ ಕಾಗದಗಳಲ್ಲೆಲ್ಲ ಗಂಡಸರ ಹೆಸರೇ. ವಂಶವೃಕ್ಷದಲ್ಲೂ ಅವಳು ಬರೀ "ಹೆಂಡತಿ" ಆಗಿದ್ದಳು. ಆ ಸಹಿ ನೋಡಿಯೇ ಅವಳ ಹೆಸರು ನನಗೆ ತಿಳಿದದ್ದು. ಈಗ ಅದನ್ನು ಮುತ್ತಜ್ಜನ ಹೆಸರಿನ ಪಕ್ಕದಲ್ಲೇ ಬರೆದಿದ್ದೇನೆ.

ಗೆಳತಿಯರೇ, ಮನೆ ಬದಲಿಸುವಾಗ ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಿ. ನಿಮ್ಮ ಅಜ್ಜಿಯ ಹೆಸರೂ ಅಲ್ಲಿರಬಹುದು.